ನೆಟ್ ಹೋದ ರಾತ್ರಿಯ ಬೀಗ

ಆಗಸ್ಟ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಒಂಬತ್ತೂವರೆ. ಶಹಾಪುರ ಠಾಣೆಗೆ ಸಂಗಮನಾಥ ಏದುಸಿರು ಬಿಡುತ್ತಾ ಬಂದ. ಊರಿನ ಒಂದು ಖಾಸಗಿ ಆಸ್ಪತ್ರೆಯ ಮಾಲೀಕ. ಅಲ್ಲಿಯವರೆಗೆ ಠಾಣೆಯ ಮೆಟ್ಟಿಲು ಹತ್ತಿದವನೇ ಅಲ್ಲ.

"ಸಾಹೇಬ್ರ, ಹಾವಿನ ಇಂಜೆಕ್ಷನ್ ಕಳುವಾಗ್ಯಾವ್ರಿ. ಹತ್ತು ಬಾಟ್ಲಿ."

"ಬೀಗ ಒಡದಾರೇನು?" ಇನ್‌ಸ್ಪೆಕ್ಟರ್ ರೇವಣಸಿದ್ದ ಕೇಳಿದ.

"ಇಲ್ರಿ. ಸ್ಮಾರ್ಟ್ ಲಾಕ್ ಅದರಿ. ಹಾಕಿದ್ದು ಹಾಕಿದಂಗೇ ಅದ."

ಎಫ್‌ಐಆರ್ ಬರೆಯಲು ರೈಟರ್‌ಗೆ ಹೇಳಿ ರೇವಣಸಿದ್ದ ಜೀಪು ಹತ್ತಿದ. ಹೆಡ್ ಕಾನ್‌ಸ್ಟೇಬಲ್ ಅಮೀನುದ್ದೀನ ಜೊತೆಗೆ ಬಂದ. ಕಳ್ಳತನವೇನು, ಇವತ್ತಲ್ಲ ನಾಳೆ ಪತ್ತೆಯಾದೀತು. ಆದರೆ ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರ್ ದಾನೇಶ್ವರಿ ಅಡ್ಡಗಟ್ಟಿ ನಿಂತರು. ಒಳಗೆ ಚಂದಮ್ಮ ಮಲಗಿದ್ದಳು. ವಡಗೇರಾ ಕಡೆ ಭತ್ತದ ನಾಟಿ ಮಾಡುವಾಗ ಹಾವು ಕಚ್ಚಿ ನಿನ್ನೆ ಸಂಜೆ ಬಂದವಳು. ಬಂದಾಗ ಹತ್ತು ಬಾಟಲಿ ಕೊಟ್ಟಿದ್ದರು. ಈಗ ನೋಡಿದರೆ ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲುತ್ತಿಲ್ಲ.

"ಇನ್ನೊಂದ್ ಹತ್ತು ಈಗಿಂದೀಗ ಬೇಕ್ರಿ. ಊರಾಗ ಎಲ್ಲಾ ಕಡೆ ಕೇಳೀನಿ, ನಾಟಿ ಟೈಮು, ಯಾರ ಹತ್ರಾನೂ ಉಳಿದಿಲ್ಲ. ಕಲಬುರಗಿಯಿಂದ ಬರೋತನಾ ಆಕಿ ತಡೀತಾಳಂತ ನಾ ಹೇಳಂಗಿಲ್ಲ."

ಆರೋಪಿ ಆಮೇಲೆ, ಮೊದಲು ಬಾಟಲಿ ಸಿಗಬೇಕಿತ್ತು.

ಔಷಧ ಕೋಣೆಯ ಮುಂದೆ ಪಂಚರನ್ನು ನಿಲ್ಲಿಸಿ ಪಂಚನಾಮೆ ಶುರುವಾಯಿತು. ಬೀಗ ತೆಗೆಯುವುದು ಹೇಗೆಂದು ರೇವಣಸಿದ್ದ ಕೇಳಿದ.

"ಮೊಬೈಲ್‌ಲಿಂದ್ರಿ. ಯಾರು ತಗದ್ರಂತ ನನ್ನ ಫೋನಿಗೆ ಬರ್ತದ. ನಿನ್ನೆ ರಾತ್ರಿಲಿಂದ ನೆಟ್ಟೇ ಇಲ್ಲ, ರಸ್ತಾ ಅಗಿಯೋರು ಕೇಬಲ್ ಕಡದಾರ. ನೆಟ್ ಇಲ್ಲಂದ್ರ ಬೀಗದ ಮ್ಯಾಲಿನ ನಾಕು ಅಂಕಿ ಒತ್ತಿ ತಗೀಬೇಕು."

"ಆ ಅಂಕಿ ಯಾರಿಗೆ ಗೊತ್ತು?"

"ನನಗೊಬ್ಬಗೇ. ಹೆಂಡ್ತಿಗೂ ಹೇಳಿಲ್ರಿ, ದೇವರಾಣಿ! ನನಗ ರಾತ್ರಿ ಡ್ಯೂಟಿ ನರ್ಸ್ ಮಜೀದಾ ಮ್ಯಾಲ..."

"ಸುಮ್ನ ಇರ್ರಿ." ರೇವಣಸಿದ್ದ ಬೀಗದ ಹತ್ತಿರ ಬಗ್ಗಿದ. ಬೀಗದ ನೆತ್ತಿಯ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ. ಕೆಳಗಿನ ಅಂಕಿ ಗುಂಡಿಗಳಲ್ಲಿ ನಾಲ್ಕರ ಸಂದಿಯಲ್ಲಿ ಮಾತ್ರ ಅದೇ ವಿಭೂತಿ ಒಣಗಿ ಕೂತಿತ್ತು. ಒಂದರಲ್ಲಿ ದಪ್ಪ, ಇನ್ನೊಂದರಲ್ಲಿ ಅದಕ್ಕಿಂತ ಕಡಿಮೆ, ಕೊನೆಯದರಲ್ಲಿ ಬರೀ ಛಾಯೆ.

"ಏಳು, ಎರಡು, ಐದು, ಒಂಬತ್ತು. ಹೌದಲ್ರಿ?"

ಸಂಗಮನಾಥ ಒಂದು ಹೆಜ್ಜೆ ಹಿಂದೆ ಸರಿದ. "ನಿಮಗ ಹೆಂಗ ಗೊತ್ತಾತ್ರಿ?"

"ಅಮಾಸಿ ಪೂಜಿ ಯಾವಾಗ ಮಾಡಿದ್ರಿ?"

"ಮೊನ್ನೆ. ವಿಭೂತಿ ಹಚ್ಚಿ, ಕರ್ಪೂರ ಬೆಳಗಿ, ನೆಟ್ ಇಲ್ದೇನೂ ತಗೀತದೋ ಇಲ್ಲೋ ಅಂತ ಅಂಕಿ ಒತ್ತಿ ನೋಡ್ತೀನ್ರಿ. ಪ್ರತಿ ಅಮಾಸಿಗೂ."

"ಕೈ ತೊಳೀದೇ. ಹೆಂಡ್ತಿಗೆ ಹೇಳದ ಗುಟ್ಟಿಗೆ ನೀವೇ ವಿಭೂತಿ ಹಚ್ಚೀರಲ್ರಿ, ಮಹಾರಾಯರ! ಮೊದಲ ಒತ್ತಿದ್ದಕ್ಕ ಜಾಸ್ತಿ, ಕಡೀದಕ್ಕ ಕಮ್ಮಿ. ಅವತ್ತು ಬಾಜೂಕ ಯಾರಿದ್ರು?"

"ಡ್ರೈವರ್ ಭೀಮೇಶ ಒಬ್ಬನೇರಿ. ಆಂಬುಲೆನ್ಸಿಗೂ ಪೂಜಿ ಇತ್ತು, ಕಾಯಿ ಒಡ್ಯಾಕ ಬಂದಿದ್ದ."

"ಈಗ ಎಲ್ಲಿ ಅದಾನ?"

"ಮುಂಜಾನೆ ಒಬ್ಬ ಪೇಶಂಟನ್ನ ತಿಂಥಣಿಗೆ ಬಿಡಾಕ ಹೋಗ್ಯಾನ. ಫೋನ್ ಹತ್ತವಲ್ದು."

ಪುಣ್ಯಕ್ಕೆ ವೈರ್‌ಲೆಸ್‌ಗೆ ನೆಟ್ಟಿನ ಹಂಗಿರಲಿಲ್ಲ. ಸುರಪುರ ಠಾಣೆಗೆ ಸಂದೇಶ ಹೋಯಿತು: ಆಂಬುಲೆನ್ಸ್ ಕಂಡರೆ ಹಿಡಿದಿಟ್ಟುಕೊಳ್ಳಬೇಡಿ, ಶಹಾಪುರದ ಕಡೆ ಕಳಿಸಿ. ರೇವಣಸಿದ್ದ ಎದುರಿಗೆ ಹೊರಟ. ದಾರಿಯುದ್ದಕ್ಕೂ ಅಮೀನುದ್ದೀನ ಗಡಿಯಾರ ನೋಡುವುದು, "ಯಾ ಅಲ್ಲಾ" ಅನ್ನುವುದು. ಭೀಮೇಶ ಬಾಟಲಿ ಮಾರಿಬಿಟ್ಟಿದ್ದರೆ? ಬಿಸಿಲಲ್ಲಿ ಇಟ್ಟಿದ್ದರೆ?

ಹತ್ತಿಗೂಡೂರು ಕ್ರಾಸಿನಲ್ಲಿ ಗಾಡಿ ಸಿಕ್ಕಿತು. ಭೀಮೇಶ ಓಡಲಿಲ್ಲ. ಸೀಟಿನ ಹಿಂದಿನಿಂದ ಐಸ್ ಡಬ್ಬಿ ತಂದು ತಾನೇ ಮುಚ್ಚಳ ತೆಗೆದ. ಹತ್ತೂ ತಣ್ಣಗಿದ್ದವು.

"ಚಂದಮ್ಮ ಸಾಯಾಕತ್ಯಾಳಲೇ!" ಅಮೀನುದ್ದೀನ ಕೂಗಿದ.

"ಆಕೀಗೆ ನಿನ್ನೇನೇ ಹಾಕ್ಯಾರಲ್ರಿ! ರಾತ್ರಿ ನನ್ ಜೋಡಿ ಮಾತಾಡಿದ್ಳು..."

"ಇನ್ನೊಮ್ಮೆ ಹಾಕಬೇಕಂತ."

ಭೀಮೇಶ ಡಬ್ಬಿ ಮುಚ್ಚಿ ರೇವಣಸಿದ್ದನ ಕೈಗಿತ್ತ. "ಬೇಡಿ ಆಮ್ಯಾಲ ಹಾಕ್ರಿ ಸಾಹೇಬ್ರ. ನಿಮ್ಮ ಜೀಪಿಗಿಂತ ಈ ಗಾಡಿಗೆ ದಾರಿ ಬಿಡ್ತಾರ. ಹತ್ರಿ."

ರೇವಣಸಿದ್ದ ಅವನ ಪಕ್ಕದಲ್ಲೇ ಕೂತ. ಸೈರನ್ ಕೂಗುತ್ತಲೇ ಇತ್ತು. ರಸ್ತೆಯಿಂದ ಕಣ್ಣು ತೆಗೆಯದೆ ಭೀಮೇಶ ಎಲ್ಲವನ್ನೂ ಹೇಳಿದ.

ಎರಡು ತಿಂಗಳ ಹಿಂದೆ ಅವನ ಹೆಂಡತಿ ದುರ್ಗಾಳಿಗೆ ಹಾವು ಕಚ್ಚಿತ್ತು. ಇದೇ ಆಸ್ಪತ್ರೆ, ಇದೇ ಬೀಗ. ಅವತ್ತೂ ನೆಟ್ ಇರಲಿಲ್ಲ. ಸಂಗಮನಾಥ ಸುರಪುರಕ್ಕೆ ಮದುವೆಗೆ ಹೋಗಿದ್ದ. ಫೋನ್ ಮಾಡಿದರೆ ಎತ್ತಿದ, ಬರುತ್ತೇನೆ ಎಂದ. ದುರ್ಗಾಳ ಉಸಿರು ಆ ಕೋಣೆಯ ಬಾಗಿಲ ಮುಂದೆಯೇ ನಿಂತಿತು.

"ಒಳಗ ಔಷಧಿ ಇತ್ರಿ. ಗ್ವಾಡಿ ಆಚೀಕ. ನಿನ್ನೆ ನೆಟ್ ಹೋತು ಅಂದ ಕೂಡ್ಲೆ ನನ್ನ ಎದಿ ಹೊಡ್ಕೊಳ್ಳಾಕತ್ತು. ಗಾಡ್ಯಾಗಿದ್ರ ಯಾರಿಗರೆ ಸಿಗ್ತಾವು ಅಂತ ತಗದೆ. ನೆಟ್ ಬಂದ್ ಮ್ಯಾಲ ಇಡಾವ ಇದ್ದೆ. ನಾನೇ ಒಂದ್ ಜೀವ ತಗೀತಿದ್ದೆನಲ್ರಿ!"

ಹನ್ನೊಂದೂವರೆಗೆ ಇಂಜೆಕ್ಷನ್ ಒಳಗೆ ಹೋಯಿತು. ವಶಪಡಿಸಿಕೊಂಡ ಮಾಲೆಂದು ಖಾಲಿ ಬಾಟಲಿಗಳನ್ನೇ ಬರೆದುಕೊಂಡರು.

ಸಂಗಮನಾಥನ ಹೇಳಿಕೆ ಪಡೆಯುವಾಗ ರೇವಣಸಿದ್ದ ಒಂದೇ ಪ್ರಶ್ನೆ ಹೆಚ್ಚಿಗೆ ಕೇಳಿದ. "ದುರ್ಗಾ ಬಿದ್ದಿದ್ದ ದಿನ ಫೋನ್ ಹತ್ತಿತ್ತಲ್ರಿ. ನಾಕು ಅಂಕಿ ಯಾಕ ಹೇಳ್ಲಿಲ್ಲ?"

"ಗುಟ್ಟಿನ ಅಂಕಿ ಫೋನಿನಾಗ ಹೆಂಗ ಹೇಳಬೇಕ್ರಿ... ನಾನೇ ಬರಾಕತ್ತಿದ್ನಲ್ರಿ, ಸಾಹೇಬ್ರ."

ಹೇಳುತ್ತಾ ಹೇಳುತ್ತಾ ಅವನ ದನಿ ಕುಸಿಯಿತು. ಇದಕ್ಕೆ ಯಾವ ಕಲಂ ಹಾಕಬೇಕೋ ರೇವಣಸಿದ್ದನಿಗೆ ತಿಳಿಯಲಿಲ್ಲ. ಕಳವಿಗಾದರೆ ಕಲಂ ಇತ್ತು, ಅದನ್ನು ಬರೆದ.

ಭೀಮೇಶ ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದ. ಏಳೆಂದರೆ ಏಳಲಿಲ್ಲ. ಅಮೀನುದ್ದೀನನೂ ಜೋರು ಮಾಡಲಿಲ್ಲ. ಸಂಜೆ ದಾನೇಶ್ವರಿ ಹೊರಗೆ ಬಂದು, ರಕ್ತ ಹೆಪ್ಪುಗಟ್ಟುತ್ತಿದೆ ಎಂದರು.

"ಬದುಕ್ತಾಳೇನ್ರಿ, ಡಾಕ್ಟ್ರ?"

"ಬದುಕ್ತಾಳ."

ಭೀಮೇಶ ಹೋ ಎಂದು ಅತ್ತ. ಆಮೇಲೆ ಮುಖ ಒರೆಸಿಕೊಂಡು ಎದ್ದು ನಿಂತ. "ಈಗ ನಡೀರಿ, ಸಾಹೇಬ್ರ."