ನಗಬಾರದ ಫೋಟೊ

ಕುಂಟುವ ಸ್ಟೂಲಿನ ಮೇಲೆ ಕೂರುತ್ತಲೇ ಚಂದ್ರಿಕಾಳ ಬಾಯಿಂದ "ಅಯ್ಯ ಶಿವನ!" ಎಂದು ಬಂದುಬಿಟ್ಟಿತು.

"ಶಿವನ್ನ ಆಮೇಲೆ ಕರೀರಿ. ಮೊದಲು ಈ ಕಡೆ ನೋಡಿ," ಎಂದಿತು ಕ್ಯಾಮೆರಾದ ಹಿಂದಿನ ದನಿ.

ಪರದೇಶದ ಈ ಕ್ರೋಯ್ಡನ್ನಿನ ಫೋಟೊ ಅಂಗಡಿಯಲ್ಲಿ ಕನ್ನಡ! ಅವಳು ನಕ್ಕೇಬಿಟ್ಟಳು. ಫ್ಲ್ಯಾಶ್ ಮಿಂಚಿತು.

"ಹಾಳಾಯ್ತು. ನಗಬಾರದು ಕಣ್ರೀ. ನಕ್ಕರೆ ಫೋಟೊ ವಾಪಸ್ ಕಳಿಸ್ತಾರೆ."

"ನೀವs ನಗಿಸಿದ್ರಿ."

"ತಪ್ಪಾಯ್ತು ತಾಯಿ. ಈಗ ನಿಮ್ಮ ಗಣಿತದ ಮೇಷ್ಟ್ರನ್ನ ನೆನೆಸ್ಕೊಳ್ಳಿ."

ಏಳನೆಯ ಇಯತ್ತೆಗೇ ಶಾಲೆ ಬಿಟ್ಟವಳಿಗೆ ಮಾಸ್ತರರ ಮುಖ ಸರಿಯಾಗಿ ನೆನಪಾಗಲಿಲ್ಲ. ಆದರೂ ತುಟಿ ಬಿಗಿಹಿಡಿದಳು. ಅವನು ಲೋಕೇಶ, ಮೈಸೂರಿನವನು. ಸ್ಟೂಡೆಂಟ್ ವೀಸಾದ ಮೇಲೆ ಬಂದು, ಓದಿನ ನಡುವೆ ಈ ಅಂಗಡಿಯಲ್ಲಿ ದುಡಿಯುತ್ತಿದ್ದ.

"ಫೋಟೊ ಯಾತಕ್ಕೆ?"

ಅವಳು ತಡವರಿಸಿದಳು. "ಪಾಸ್‌ಪೋರ್ಟಿಗೆ. ಊರಿಗೆ ಹೋಗೂದೈತಿ."

ಅದು ಸುಳ್ಳು. ತನ್ನೂರು ಧಾರವಾಡದಿಂದ ಬಂದು ಇಲ್ಲಿ ನೆಲೆಸಿದ್ದ ಡಾಕ್ಟರ್ ಉದಯಶಂಕರರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಬಂದು ನಾಲ್ಕು ವರ್ಷ ತುಂಬಿತ್ತು. ಇಲ್ಲೇ ಕಾಯಂ ಇರಲು ಅರ್ಜಿ ಹಾಕುವ ಹಕ್ಕು ಈಗಷ್ಟೇ ಬಂದಿತ್ತು. ಊರಿನಲ್ಲಿ ಇಬ್ಬರು ತಂಗಿಯರ ಓದು ಅವಳ ಸಂಬಳವನ್ನೇ ನೆಚ್ಚಿತ್ತು. ಡಾಕ್ಟರ ಹೆಂಡತಿ ವಿಶಾಲಾಕ್ಷಿ ಅಕ್ಕ ದೇವರ ಮುಂದೆ ನಿಲ್ಲಿಸಿ ಹೇಳಿದ್ದರು: "ವೀಸಾ ಸ್ಟಿಕರ್ ಹಚ್ಚಿದ ಪಾಸ್‌ಪೋರ್ಟ್ ಕೈಗೆ ಬರೂತನಕಾ ಯಾರ ಮುಂದೂ ಬಾಯಿ ಬಿಡಬ್ಯಾಡ. ಮಂದಿ ಕಣ್ಣು ಛಲೋ ಅಲ್ಲ."

ಅಲ್ಲಿನ ಕನ್ನಡದವರ ಮನೆಗಳಲ್ಲಿ ಅದೇ ಪದ್ಧತಿ. ಮೂರು ತಿಂಗಳು ತುಂಬದ ಬಸುರನ್ನು ಮುಚ್ಚಿಡುವಂತೆ ವೀಸಾ ಅರ್ಜಿಯನ್ನೂ ಮುಚ್ಚಿಡುತ್ತಿದ್ದರು.

ಅರ್ಜಿಯ ಜೊತೆ ಪಾಸ್‌ಪೋರ್ಟೂ ವೀಸಾ ಕೊಡುವ ಹೋಮ್ ಆಫೀಸಿಗೆ ಹೋಯಿತು. ಚಂದ್ರಿಕಾ ಮಾತ್ರ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಾಗ ದಿನಾ ಫೋಟೊ ಅಂಗಡಿಯ ಮುಂದಿನ ದಾರಿಯನ್ನೇ ಹಿಡಿದಳು. ಲೋಕೇಶ ಗಾಜಿನ ಒಳಗಿನಿಂದ ತುಟಿಯ ಮೇಲೆ ಬೆರಳಿಟ್ಟು 'ನಗಬಾರದು' ಎಂದು ಸನ್ನೆ ಮಾಡುತ್ತಿದ್ದ. ಅವಳು ಸೆರಗಿಲ್ಲದ್ದಕ್ಕೆ ಕೋಟಿನ ಕಾಲರಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಹಾಳಾದ ಆ ಮೊದಲ ಫೋಟೊ ಅವನ ಪರ್ಸಿನಲ್ಲಿತ್ತು. ಅದನ್ನು ಅವಳು ಓರೆಗಣ್ಣಿನಲ್ಲಿ ನೋಡಿದ್ದಳು, ನೋಡಿಲ್ಲದವಳ ಹಾಗೆ ಇದ್ದಳು.

ಒಂದು ಸಂಜೆ ಟ್ರಾಮ್ ಸ್ಟಾಪಿನಲ್ಲಿ ಅವನು ಕೇಳಿದ. "ನನ್ನ ವೀಸಾ ಮುಗೀತಾ ಬಂತು. ಇನ್ನೊಂದು ಕೋರ್ಸಿಗೆ ಸೇರಿದ್ರೆ ಇರಬಹುದು. ನೀವು ಇಲ್ಲಿರೋದಾದ್ರೆ ಸೇರ್ತೀನಿ. ನಿಜ ಹೇಳಿ, ಊರಿಗೆ ಹೋಗೋದೇನಾ?"

ನಿಜ ಅವಳ ನಾಲಿಗೆಯ ತುದಿಗೆ ಬಂತು. ಪಾಸ್‌ಪೋರ್ಟ್ ಇನ್ನೂ ಬಂದಿರಲಿಲ್ಲ. ತಂಗಿಯರ ಮುಖ ಕಣ್ಣ ಮುಂದೆ ಬಂತು. ಹೇಳಿ ಅರ್ಜಿ ಕೆಟ್ಟರೆ?

"ಹೂಂರೀ," ಎಂದಳು.

ಅವನ ಮುಖ ಅರಳಿತು. "ಹಾಗಾದ್ರೆ ನಾನೂ ಹೊರಟೆ! ಮೈಸೂರಿಂದ ಧಾರವಾಡ ಏನು ದೂರ? ಬಂದು ನಿಮ್ಮಪ್ಪನ್ನೇ ಕೇಳ್ತೀನಿ."

ಟ್ರಾಮ್ ಬಂತು. ಅವಳು ಹತ್ತಿದಳು. ಬಾಗಿಲು ಮುಚ್ಚುವವರೆಗೂ ಅವನು ತುಟಿಯ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದ.

ಅವನು ಹೋದ ಮರುವಾರ ಪಾಸ್‌ಪೋರ್ಟ್ ಬಂತು. ವಿಶಾಲಾಕ್ಷಿ ಅಕ್ಕ ಸಕ್ಕರೆ ಹಂಚಿದರು. ಚಂದ್ರಿಕಾ ಕಾಲಿಂಗ್ ಕಾರ್ಡ್ ಮತ್ತು ಅವನು ಕೊಟ್ಟುಹೋಗಿದ್ದ ಮೈಸೂರಿನ ನಂಬರು ಹಿಡಿದು ಬೀದಿಯ ಫೋನ್ ಬೂತಿಗೆ ಓಡಿದಳು.

"ಸ್ಟಿಕರ್ ಬಂತ್ರೀ. ನಾ ಇನ್ನ ಇಲ್ಲೇ ಇರಾಕಿ. ಫೋಟೊ ತಗಿಸಿದಾಗs ಅರ್ಜಿ ಹಾಕಿದ್ದೆ."

"ಹೇಳಿದ್ರೆ ಇರ್ತಿದ್ನಲ್ಲ."

"ಯಾರಿಗೂ ಹೇಳಬಾರದು ಅಂದಿದ್ರು."

"ಯಾರಿಗೂ ಅಂದ್ರೆ ನಂಗೂನಾ, ಚಂದ್ರಿಕಾ?"

ಅವನು ಬರೀ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನೀವಂದ್ರ ನನಗ ಜೀವ," ಎಂದು ಅವಳು ಹೇಳುವಷ್ಟರಲ್ಲಿ ಅವನು ಫೋನ್ ಇಟ್ಟಿದ್ದ. ಆಮೇಲೆ ಎಷ್ಟು ಸಲ ಮಾಡಿದರೂ ಅವನ ತಾಯಿಯೇ ಎತ್ತಿದರು. ಮುಂದಿನ ಯುಗಾದಿಯ ಹೊತ್ತಿಗೆ, ಮಗನಿಗೆ ಮದುವೆ ಗೊತ್ತಾಗಿದೆ ಎಂದೂ ಅವರೇ ಹೇಳಿದರು.

ಐದು ವರ್ಷದ ಮೇಲೆ ಪಾಸ್‌ಪೋರ್ಟಿನ ಅವಧಿ ಮುಗಿಯಿತು. ಹೊಸದು ಮಾಡಿಸಬೇಕು, ಸ್ಟಿಕರನ್ನೂ ಅದಕ್ಕೆ ಬದಲಾಯಿಸಬೇಕು, ಎರಡಕ್ಕೂ ಫೋಟೊ ಬೇಕು. ಅಂಗಡಿ ಅದೇ, ಸ್ಟೂಲೂ ಅದೇ, ಕುಂಟುವುದೂ ಬಿಟ್ಟಿರಲಿಲ್ಲ.

"ಅಯ್ಯ ಶಿವನ," ಎಂದಳು ಚಂದ್ರಿಕಾ, ಸ್ವಲ್ಪ ಗಟ್ಟಿಯಾಗಿಯೇ. ಕ್ಯಾಮೆರಾದ ಹಿಂದೆ ಯಾರೂ ಉತ್ತರಿಸಲಿಲ್ಲ.

ಫೋಟೊ ಒಂದೇ ಸಲಕ್ಕೆ ಸರಿಯಾಗಿ ಬಂತು.