ಎಂಟು ತಿಂಗಳ ಟಾನಿಕ್ಕು

ಕಾಲರಿನ ಮೂಲೆಯನ್ನು ಸೂಜಿಯ ಮೊನೆಯಿಂದ ಹೊರಕ್ಕೆ ಎಳೆಯುತ್ತಿದ್ದ ಸೊಸೆಯ ಕೈ ಅರ್ಧದಲ್ಲೇ ನಿಂತಿತು. ಅಂದಿನ ಹದಿನೇಳನೆಯ ಕೋಟು ಅದು, ಇನ್ನೂ ಏಳು ಬಾಕಿ. ಬೆರಳುಗಳು ಸೂಜಿಯನ್ನು ಹಿಡಿದೇ ಇದ್ದವು. ತೋಳು ಮಾತ್ರ ಬೇರೆ ಯಾರದ್ದೋ ಎಂಬಂತೆ ತೊಡೆಯ ಮೇಲೆ ಬಿದ್ದುಕೊಂಡಿತ್ತು. ಎಡಗಣ್ಣಿನ ರೆಪ್ಪೆ ಆಗಲೇ ಇಳಿಯತೊಡಗಿತ್ತು. ಮಧ್ಯಾಹ್ನ ಮೂರು ದಾಟಿತೆಂದರೆ ಅದು ಅಂಗಡಿಯ ಬಾಗಿಲಿನ ಹಾಗೆ ಅರ್ಧಕ್ಕೆ ಬಂದು ನಿಲ್ಲುವುದು ವಾಡಿಕೆ.

"ನಿಂತುಹೋಯ್ತಾ?" ಕತ್ತರಿಸುವ ಮೇಜಿನ ಆಚೆಯಿಂದ ಅತ್ತೆ ಕೇಳಿದರು. ತಲೆ ಎತ್ತಲಿಲ್ಲ.

"ಎರಡು ನಿಮಿಷ, ಅತ್ತೆ."

"ನಿನ್ನ ಎರಡು ನಿಮಿಷ ಅಳೆಯೋಕೆ ನನ್ನ ಟೇಪು ಸಾಲಲ್ಲ ಕಣೆ."

ಮೂಲೆಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದ ಹೆಂಗಸು ದಾರವನ್ನು ಹಲ್ಲಿನಲ್ಲಿ ಕಚ್ಚಿ ನಕ್ಕಳು. ಇಪ್ಪತ್ತು ವರ್ಷದಿಂದ ಆ ಮನೆಯಲ್ಲಿ ಗುಂಡಿ ಹಚ್ಚುತ್ತಲೇ ಇದ್ದುದರಿಂದ ಅವಳಿಗೆ ಗುಂಡಿಯಕ್ಕ ಎಂದೇ ಹೆಸರು. ಅತ್ತೆಗೆ ಅಳತೆಯಮ್ಮ ಎಂದು. ಮಾವ ತೀರಿಕೊಂಡ ಮೇಲೆ ಒಬ್ಬರೇ ನಿಂತು ಕಟ್ಟಿದ ಕಸುಬು ಅವರದು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಆಸ್ಪತ್ರೆಗಳಿಗೂ ಪ್ರಯೋಗಾಲಯಗಳಿಗೂ ಬೇಕಾದ ಬಿಳಿ ಕೋಟುಗಳು ಅಲ್ಲಿಂದ ಡಜನುಗಟ್ಟಲೆ ಹೋಗುತ್ತಿದ್ದವು. ಬಿಳಿ ಬಟ್ಟೆಯ ಮನೆಗೆ ಒಂದೇ ಕಟ್ಟಳೆ: ಮೇಜಿನ ಮೇಲೆ ಬಟ್ಟೆ ಹಾಸಿರುವಷ್ಟು ಹೊತ್ತು ಕಲೆಯಾಗುವ ಯಾವ ಪದಾರ್ಥವೂ ಹೊರಗೆ ಬರಕೂಡದು. ಶಾಯಿ ಇಲ್ಲ, ಹಣ್ಣಿನ ರಸ ಇಲ್ಲ, ಚಹಾ ಇಲ್ಲ. ಬೆಳಿಗ್ಗೆ ಆರಕ್ಕೆ ಹಾಸಿದ ಬಟ್ಟೆಗೆ ನಾಲ್ಕು ಗಂಟೆಗೆ ಹೊದಿಕೆ ಎಳೆದ ಮೇಲೆಯೇ ಎಲ್ಲರಿಗೂ ಒಟ್ಟಿಗೆ ಚಹಾ.

ಸೊಸೆಯ ಕಬ್ಬಿಣದ ಟಾನಿಕ್ಕೂ ಆಗಲೇ. ಮೊದಲ ವಾರದಲ್ಲೇ ಚಮಚದಿಂದ ಜಾರಿದ ಒಂದು ಕಂದು ಹನಿ ಕೋಟಿನ ಅಂಚಿಗೆ ಬಿದ್ದು, ಎಷ್ಟು ತಿಕ್ಕಿದರೂ ಹೋಗದೆ, ಆ ಕೋಟು ತರಿಸಿಕೊಂಡವರಿಂದ ವಾಪಸು ಬಂದಿತ್ತು. ಅಂದಿನಿಂದ ಬಾಟಲಿ ಅತ್ತೆಯ ಕಪಾಟು ಸೇರಿತು. ನಾಲ್ಕಕ್ಕೆ ಅವರೇ ತೆಗೆದು ಅಳೆದು ಹೊಯ್ಯುತ್ತಿದ್ದರು. ತುಕ್ಕು ನೆಕ್ಕಿದಂಥ ಆ ರುಚಿ ಹೋಗಲೆಂದು ಹಿಂದೆಯೇ ಒಂದು ಲೋಟ ಕಡು ಚಹಾ ಕೈಗಿಡುತ್ತಿದ್ದರು. ಎಂಟು ತಿಂಗಳಲ್ಲಿ ಒಂದು ದಿನವೂ ಅದು ತಪ್ಪಿರಲಿಲ್ಲ.

ಸೊಸೆಗೆ ಇದ್ದದ್ದು ಎರಡು ಕಾಯಿಲೆ. ಹುಟ್ಟಿನಿಂದಲೇ ಬಂದದ್ದು ಮೈಟೊಕಾಂಡ್ರಿಯಾದ ಕಾಯಿಲೆ. ದೂರದ ದೊಡ್ಡ ಆಸ್ಪತ್ರೆಯ ಡಾಕ್ಟರು ಅದನ್ನು ಬಿಡಿಸಿ ಹೇಳಿದ್ದರು: ಮೈಯ ಒಂದೊಂದು ಕಣದಲ್ಲೂ ಒಂದು ಒಲೆ ಇರುತ್ತದಮ್ಮ, ನಿನ್ನ ಒಲೆಗಳು ಸರಿಯಾಗಿ ಉರಿಯುವುದಿಲ್ಲ, ವಾಸಿಯಾಗುವಂಥದ್ದಲ್ಲ, ಹೊಟ್ಟೆ ಖಾಲಿ ಬಿಡದೆ, ಮೈ ದಣಿಸದೆ ಸಂಭಾಳಿಸಬೇಕು. ಅದರ ಮೇಲೆ ಈಗ ರಕ್ತಹೀನತೆ. ಎರಡಕ್ಕೂ ಸುಸ್ತು, ಎರಡಕ್ಕೂ ಏದುಸಿರು. ಯಾವ ಸುಸ್ತು ಯಾವುದರದ್ದೆಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ನೋಡುವವರಿಗಂತೂ ಎರಡೂ ಸೇರಿ ಒಂದೇ ಆಗಿ ಕಾಣುತ್ತಿತ್ತು... ಸೋಮಾರಿತನ.

ಅಂದು ನಾಲ್ಕಕ್ಕೆ ಸರಿಯಾಗಿ, ಕೋಟುಗಳನ್ನು ತಲುಪಿಸಿ ಬಂದ ಗಂಡ ಚಪ್ಪಲಿಯನ್ನೂ ಬಿಡದೆ ರಕ್ತಪರೀಕ್ಷೆಯ ಕಾಗದವನ್ನು ಚಾಚಿದ. ಎಂಟು ತಿಂಗಳ ಹಿಂದೆ ಹಿಮೊಗ್ಲೋಬಿನ್ ಎಂಟು ಇತ್ತು. ಈಗ ಏಳೂಮುಕ್ಕಾಲು.

ಅತ್ತೆ ಕನ್ನಡಕ ಏರಿಸಿ ಓದಿದರು. ಕಪಾಟಿನಿಂದ ಟಾನಿಕ್ಕಿನ ಬಾಟಲಿ ತಂದು ಮೇಜಿನ ಮೇಲೆ ಕುಕ್ಕಿದರು.

"ಇದು ಒಂಬತ್ತನೇ ಬಾಟಲಿ. ಬಟ್ಟೆ ಕೊಟ್ಟೆ, ಕೋಟು ಬರಲಿಲ್ಲ ಅಂದ್ರೆ ಬಟ್ಟೆ ಎಲ್ಲಿಗೆ ಹೋಯ್ತು ಅಂತ ಕೇಳಬೇಕಲ್ವ? ಬಾಯಲ್ಲಿಟ್ಟುಕೊಂಡು ಬಚ್ಚಲಿಗೆ ಉಗೀತಿದ್ದೀಯಾ?"

"ಅಮ್ಮ, ಅವಳು ಯಾಕೆ ಹಾಗೆ..." ಗಂಡ ತೊದಲಿದ.

"ನೀನು ಸುಮ್ಮನಿರು. ಹೆಂಡತಿ ಕೆಮ್ಮಿದ್ರೆ ನಿನಗೆ ನೆಗಡಿ ಆಗುತ್ತೆ. ವಾಸಿಯಾದ್ರೆ ಕೆಲಸ ಮಾಡ್ಬೇಕಲ್ಲ, ಅದಕ್ಕೇ ಇದೆಲ್ಲ. ನಾನೂ ಹೆಂಗಸೇ, ನಾನೂ ಹೆತ್ತಿದ್ದೀನಿ, ಹೆತ್ತ ಹತ್ತನೇ ದಿನ ಮೆಷಿನ್ ತುಳಿದಿದ್ದೀನಿ. ಆ ದೊಡ್ಡ ಆಸ್ಪತ್ರೆ ಫಾರಂ ತುಂಬಿಕೊಟ್ಟು ಮೂರು ತಿಂಗಳಾಯ್ತು. ಉತ್ತರ ಎಲ್ಲಿ?"

ಊರಿನ ಡಾಕ್ಟರು ನಾಲ್ಕು ತಿಂಗಳ ಹಿಂದೆಯೇ ಹೇಳಿದ್ದರು: ಬಾಯಿಂದ ಹೋಗುವ ಕಬ್ಬಿಣ ಹಿಡಿಯದಿದ್ದರೆ ನರಕ್ಕೆ ಡ್ರಿಪ್ ಕೊಡಬಹುದು, ಆದರೆ ನಿನಗಿರುವ ಕಾಯಿಲೆಯಲ್ಲಿ ದೊಡ್ಡ ಆಸ್ಪತ್ರೆಯವರನ್ನು ಕೇಳದೆ ನಾನು ಕೈ ಹಾಕುವುದಿಲ್ಲ. ಅಲ್ಲಿಗೆ ಫೋನು ಮಾಡಿದರೆ, ಒಂದು ಫಾರಂ ಕಳಿಸುತ್ತೇವೆ, ದಿನವಿಡೀ ರೋಗಿಯ ಜೊತೆ ಇರುವವರೇ ತುಂಬಿ ಸಹಿ ಹಾಕಬೇಕು, ಅದು ಬಂದ ಹೊರತು ಡಾಕ್ಟರು ನೋಡುವುದಿಲ್ಲ ಎಂದಿದ್ದರು. ದಿನವಿಡೀ ಜೊತೆ ಇರುವವರೆಂದರೆ ಅತ್ತೆ.

"ಕಳಿಸಿಲ್ಲ," ಎಂದಳು ಸೊಸೆ.

"ಏನಂದೆ?"

"ಕಳಿಸಿಲ್ಲ ಅತ್ತೆ. ನೀವು ಏನು ಬರೆದಿದ್ದೀರಿ ಅಂತ ನೀವೇ ಓದಿ."

ಹಾಸಿಗೆಯಡಿಯಿಂದ ಲಕೋಟೆ ತಂದು ಗಂಡನ ಕೈಗೆ ಕೊಟ್ಟಳು. ಅವನು ಗಟ್ಟಿಯಾಗಿ ಓದತೊಡಗಿ ಮೆಲ್ಲಗಾದ. 'ರೋಗಿಯು ಒಂದೇ ಸಮನೆ ಎಷ್ಟು ಹೊತ್ತು ನಿಲ್ಲಬಲ್ಲರು?' ಎಂಬಲ್ಲಿ ಅತ್ತೆಯ ದುಂಡು ಅಕ್ಷರ: 'ಮನಸ್ಸಿದ್ದರೆ ಎಷ್ಟು ಹೊತ್ತಾದರೂ.' 'ಮನೆಗೆಲಸ?' ಎಂಬಲ್ಲಿ: 'ಮನಸ್ಸಿದ್ದ ದಿನ ಎಲ್ಲವನ್ನೂ ಮಾಡುತ್ತಾಳೆ.'

"ಇದನ್ನ ಕಳಿಸಿದ್ರೆ ಅವರೇನು ತಿಳ್ಕೋಬೇಕು?" ಎಂದಳು ಸೊಸೆ. "ಕಳಿಸದಿದ್ರೆ ಡ್ರಿಪ್ ಇಲ್ಲ. ಕಳಿಸಿದ್ರೆ ನಾನು ಸುಳ್ಳಿ. ಮೂರು ತಿಂಗಳಿಂದ ಇದರ ಮೇಲೆ ಮಲಗ್ತಿದ್ದೀನಿ..."

"ಕಂಡದ್ದು ಬರೆದೆ," ಎಂದರು ಅತ್ತೆ. "ಬೆಳಿಗ್ಗೆ ಹತ್ತು ಕಾಲರು ತಿರುಗಿಸೋ ಕೈ ಸಾಯಂಕಾಲ ಒಂದು ಲೋಟ ಎತ್ತಲ್ಲ. ಅದಕ್ಕೆ ನಾನೇನು ಅನ್ನಲಿ? ನಾಳೆ ನಾನೇ ಬರ್ತೀನಿ ಚಿಕಿತ್ಸಾಲಯಕ್ಕೆ. ಟಾನಿಕ್ಕು ಎಲ್ಲಿ ಹೋಗ್ತಿದೆ ಅಂತ ಡಾಕ್ಟರೇ ಹೇಳಲಿ."

ಮರುದಿನ ಹೇಳಿದ್ದು ಡಾಕ್ಟರಲ್ಲ, ನರ್ಸು. ಡಾಕ್ಟರು ಇನ್ನೂ ಬಂದಿರಲಿಲ್ಲ. ಅತ್ತೆ ಬಾಟಲಿಯನ್ನು ಮುಂದೆ ಹಿಡಿದು ಇಡೀ ಕಥೆ ಒಪ್ಪಿಸಿದರು. ನರ್ಸು ಸೊಸೆಯ ತೂಕ ಬರೆದುಕೊಳ್ಳುತ್ತಲೇ ಕೇಳಿದಳು:

"ಯಾವ ಹೊತ್ತಿಗೆ ಕೊಡ್ತೀರಿ?"

"ಸರಿಯಾಗಿ ನಾಲ್ಕಕ್ಕೆ. ಕೆಲಸ ಮುಗಿದ ಮೇಲೆ, ಚಹಾದ ಜೊತೆ."

ನರ್ಸಿನ ಪೆನ್ನು ನಿಂತಿತು. "ಚಹಾದ ಜೊತೆ? ದಿನಾನೂ?"

"ಒಂದು ದಿನ ತಪ್ಪಿಸಿಲ್ಲ. ನಾನೇ ಕೈಯಾರೆ ಕೊಟ್ಟಿದ್ದೀನಿ."

"ಅಯ್ಯೋ ಅಜ್ಜಿ, ಚಹಾ ಕಬ್ಬಿಣವನ್ನ ಮೈಗೆ ಹತ್ತಗೊಡಲ್ಲ. ಹೆಚ್ಚಿನದೆಲ್ಲ ಹಾಗೇ ಹೊರಗೆ ಹೋಗಿಬಿಡುತ್ತೆ. ಯಾರೂ ಹೇಳಲಿಲ್ವ?"

ಯಾರೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ಅತ್ತೆ ಬಾಟಲಿಯನ್ನು ಚೀಲಕ್ಕೆ ಹಾಕಿ ಅದರ ಬಾಯಿಯನ್ನು ಬಿಗಿಯಾಗಿ ಸುತ್ತಿದರು. ವಾಪಸು ಬಂದು ಮನೆಯ ಬಾಗಿಲಲ್ಲಿ, "ಕಲೆ ಆಗಬಾರದು ಅಂತ ಹಾಗೆ ಮಾಡಿದ್ದು," ಎಂದರು.

"ಗೊತ್ತು," ಎಂದಳು ಸೊಸೆ. ಅವಳಿಗೆ ಅಳು ಬರಲಿಲ್ಲ; ಕಾಲರು, ಕತ್ತರಿ, ಮೇಜು, ಎಲ್ಲವನ್ನೂ ಎತ್ತಿ ಬೀದಿಗೆ ಎಸೆಯಬೇಕೆನ್ನಿಸಿತು. ಎಸೆಯಲು ತೋಳಿನಲ್ಲಿ ತ್ರಾಣವಿರಲಿಲ್ಲ. ಅದನ್ನು ನೆನೆದಾಗ ಅಳು ಬಂತು.

ಅಲ್ಲಿಗೆ ಎಲ್ಲ ಸರಿಹೋಗುತ್ತದೆ ಎಂದುಕೊಂಡರೆ ಸರಿಹೋಗಲಿಲ್ಲ. ಟಾನಿಕ್ಕು ಖಾಲಿ ಹೊಟ್ಟೆಗಾದರೆ ಒಳ್ಳೆಯದು ಎಂದು ನರ್ಸು ಕೊಟ್ಟ ಚೀಟಿಯಲ್ಲಿತ್ತು. ಅವಳ ಹೊಟ್ಟೆಯನ್ನು ಖಾಲಿ ಬಿಡುವಂತಿರಲಿಲ್ಲ. ಬೆಳಿಗ್ಗೆ ಎದ್ದೊಡನೆ ಕುಡಿದು ಒಂದು ಗಂಟೆ ಕಾದರೆ ಕೈಕಾಲು ಅದುರುತ್ತಿದ್ದವು. ಊಟದ ಜೊತೆ ಕುಡಿದರೆ ಹೊಟ್ಟೆ ಕಲ್ಲಾಗಿ ಮುಂದಿನ ಊಟ ಸೇರುತ್ತಿರಲಿಲ್ಲ. ಟಾನಿಕ್ಕಿನ ಬದಲು ಮಾತ್ರೆ ಬಂತು, ಮಾತ್ರೆಯಿಂದ ವಾಂತಿ ಬಂತು. ಮೂರನೆಯ ವಾರ, ಎರಡು ದಿನ ಹೊಟ್ಟೆಯಲ್ಲಿ ಏನೂ ನಿಲ್ಲದೆ, ಮೆಷಿನ್ನಿನ ಮುಂದೆಯೇ ಕುಸಿದಳು. ಗಂಡ ಹೊತ್ತುಕೊಂಡೇ ಓಡಿದ. ಸಕ್ಕರೆ ನೀರು ಏರಿಸಿ ಒಂದು ದಿನ ಇಟ್ಟುಕೊಂಡ ಊರಿನ ಡಾಕ್ಟರು ಗದರಿಕೊಂಡರು: "ಇನ್ನು ಬಾಯಿಂದ ಕಬ್ಬಿಣ ಬೇಡ. ದೊಡ್ಡ ಆಸ್ಪತ್ರೆಯ ಪತ್ರ ಎಲ್ಲಿ? ಅವರ ಒಪ್ಪಿಗೆ ತರಿಸಿ ಅಂತ ಎಷ್ಟು ಸಲ ಹೇಳೋದು?"

ಅವಳು ಮನೆಗೆ ಬಂದ ಮರುದಿನ ಬೆಳಿಗ್ಗೆ ಅತ್ತೆ ಮೇಜಿನ ಮೇಲೆ ಬಟ್ಟೆ ಹಾಸಲಿಲ್ಲ. ಕೋಟಿನ ನಮೂನೆ ಬರೆಯುವ ಖಾಕಿ ಕಾಗದ ಹಾಸಿದರು. ಗಂಟೆಗೆ ಎರಡು ಇಂಚಿನಂತೆ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಮೂವತ್ತೆರಡು ಇಂಚು ಗುರುತು ಹಾಕಿದರು.

"ಏನಮ್ಮ ಇದು, ಯಾರ ಕೋಟು?" ಗುಂಡಿಯಕ್ಕ ಬಗ್ಗಿ ನೋಡಿದಳು.

"ಇವಳ ದಿನ," ಎಂದರು ಅತ್ತೆ. "ಹೇಳೆ. ಎಷ್ಟು ಗಂಟೆಗೊಮ್ಮೆ ತಿನ್ನಬೇಕು?"

ಸೊಸೆ ಗೋಡೆಗೊರಗಿ ಕೂತಿದ್ದಳು. ಇದೂ ಒಂದು ವಿಚಾರಣೆಯೇ ಎಂದುಕೊಂಡು, ಬೇಸತ್ತ ದನಿಯಲ್ಲಿ ಒಂದೊಂದೇ ಹೇಳಿದಳು. ಎರಡೂವರೆ ಗಂಟೆಗೊಮ್ಮೆ ತಿನ್ನಬೇಕು. ತಿನ್ನಲು ಅರ್ಧ ಗಂಟೆ, ಯಾಕೆಂದರೆ ಅಗಿಯುವುದೂ ದಣಿವೇ. ತಿಂದ ಮೇಲೆ ಒರಗಬೇಕು. ಒಂದೇ ಸಮನೆ ನಿಲ್ಲಲು ಆಗುವುದು ಹತ್ತು ನಿಮಿಷ. ಸ್ನಾನಕ್ಕೆ ಅರ್ಧ ಗಂಟೆ, ಸ್ನಾನದ ಸುಸ್ತಿಗೆ ಒಂದು ಗಂಟೆ. ಮೊನ್ನೆಯವರೆಗೆ ಕುಡಿಯುತ್ತಿದ್ದ ಕಬ್ಬಿಣಕ್ಕೆ ಊಟವಾದ ಮೇಲೆ ಎರಡು ಗಂಟೆ, ಮುಂದಿನ ಊಟಕ್ಕೆ ಮೊದಲು ಒಂದು ಗಂಟೆ. ಹೊಟ್ಟೆಯುರಿಯ ಔಷಧಿ ಅದರ ಹತ್ತಿರ ಬರಕೂಡದು. ಅತ್ತೆ ಒಂದೊಂದಕ್ಕೂ ಅಳತೆಗೆ ತಕ್ಕ ತುಂಡು ಕತ್ತರಿಸಿ ಜೋಡಿಸುತ್ತ ಹೋದರು. ಕೊನೆಗೆ ಹದಿನಾರು ಇಂಚಿನ ಉದ್ದನೆಯ ತುಂಡೊಂದನ್ನು ಕತ್ತರಿಸಿದರು. ಅದು ಹೊಲಿಗೆ, ಎಂಟು ಗಂಟೆ.

ಜೋಡಿಸಿದರು, ಕಿತ್ತರು, ಅಡ್ಡ ಇಟ್ಟರು, ಒಂದರ ಮೇಲೊಂದು ಇಟ್ಟು ನೋಡಿದರು. ತುಂಡು ಬಟ್ಟೆಯಲ್ಲೂ ತೋಳು ತೆಗೆಯಬಲ್ಲವರೆಂದು ಹೆಸರು ಪಡೆದ ಕೈ ಅದು. ಮುಕ್ಕಾಲು ಗಂಟೆ ಒದ್ದಾಡಿತು. ಹೊಲಿಗೆಯನ್ನು ಪೂರಾ ತೆಗೆದಿಟ್ಟರೂ ಕಬ್ಬಿಣದ ತುಂಡು ಹೊರಗೇ ಉಳಿಯುತ್ತಿತ್ತು.

"ಸಾಲ್ತಿಲ್ಲವಲ್ಲೇ..." ಎಂದರು ಅತ್ತೆ.

"ಸಾಲಲ್ಲ ಅತ್ತೆ. ಈ ಮನೆಗೆ ಬಂದ ಎಂಟು ವರ್ಷದಿಂದ ದಿನಾ ಬೆಳಿಗ್ಗೆ ಎದ್ದು ನಾನೂ ಇದನ್ನೇ ಜೋಡಿಸ್ತಿದ್ದೀನಿ. ಒಂದು ಕಡೆ ಎಳೆದ್ರೆ ಇನ್ನೊಂದು ಕಡೆ ಹರಿಯುತ್ತೆ. ನೀವು ಬೈತೀರಿ ಅಂತ ಮೊದಲು ಹೊಲಿಗೆ ಇಡ್ತೀನಿ. ಮಿಕ್ಕಿದ್ದರಲ್ಲಿ ಬದುಕ್ತೀನಿ."

ಗುಂಡಿಯಕ್ಕನ ಸೂಜಿ ನಿಂತಿತ್ತು. ಅತ್ತೆ ಕಾಗದದ ಮೇಲೆ ಬಾಗಿದರು. ಒಂದೊಂದು ಗುರುತನ್ನೂ ಬೆರಳಿನಿಂದ ಮುಟ್ಟಿದರು, ಎಲ್ಲಿಯಾದರೂ ಅರ್ಧ ಇಂಚು ಅಡಗಿಸಿಟ್ಟಿದ್ದಾಳೋ ಎಂಬಂತೆ. ಅಡಗಿಸಿಟ್ಟದ್ದೇನೂ ಸಿಗಲಿಲ್ಲ.

"ಫಾರಂ ತಾ," ಎಂದರು ಕೊನೆಗೆ.

ಗಂಡ ತಂದುಕೊಟ್ಟ. "ಹೊಸದು ತರಿಸೋಣ ಅಮ್ಮ, ಇದರಲ್ಲಿ ಹೊಡೆದುಹಾಕಿದ್ರೆ ಚೆನ್ನಾಗಿರಲ್ಲ."

"ಅದು ಬರೋಕೆ ಇನ್ನೆಷ್ಟು ವಾರ? ಬರೆದವಳು ನಾನು, ಹೊಡೆದುಹಾಕೋಳೂ ನಾನೇ. ನೋಡೋರು ನೋಡಲಿ."

ಹಳೆಯ ಸಾಲುಗಳ ಮೇಲೆ ಒಂದು ನೇರ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ, ಕೆಳಗೆ ನಿಧಾನವಾಗಿ ಬರೆದರು. ಬರೆದು ಸೊಸೆಯ ಕಡೆ ತಳ್ಳಿದರು. ಅವಳು ಇಳಿದ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದು ಓದಿಕೊಂಡಳು: 'ಮೇಲಿನದು ತಪ್ಪು. ನಿಲ್ಲಬಲ್ಲದ್ದು ಹತ್ತು ನಿಮಿಷ. ಬೆಳಿಗ್ಗೆ ಆದದ್ದು ಮಧ್ಯಾಹ್ನ ಆಗುವುದಿಲ್ಲ. ಎಂಟು ತಿಂಗಳು ಟಾನಿಕ್ಕನ್ನು ಚಹಾದ ಜೊತೆ ಕೊಟ್ಟದ್ದು ನಾನು. ಆಮೇಲೆ ಸರಿಯಾಗಿ ಕೊಟ್ಟರೂ ಹೊಟ್ಟೆ ತಡೆಯಲಿಲ್ಲ. ಮನಸ್ಸು ಎಲ್ಲ ದಿನವೂ ಇದೆ.'

ಎಂಟು ತಿಂಗಳ ಸಿಟ್ಟು ಆರು ಸಾಲಿಗೆ ಇಳಿಯುವಂಥದ್ದಲ್ಲ. ಆದರೂ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದಳು... ಮತ್ತೊಮ್ಮೆ ಓದಿದಳು.

"ನಾನೇ ಅಂಚೆಗೆ ಹಾಕಿ ಬರ್ತೀನಿ," ಎಂದು ಗಂಡ ಕೈ ಚಾಚಿದ.

"ಇಲ್ಲ, ನಾನು ಹೋಗ್ತೀನಿ," ಎಂದಳು ಅವಳು. "ನನ್ನ ಪತ್ರ."

"ನಾನೂ ಬರ್ತೀನಿ," ಎಂದರು ಅತ್ತೆ, ಸೆರಗು ಸರಿಮಾಡಿಕೊಳ್ಳುತ್ತ. "ನಡೀ, ನಿನ್ನ ಹತ್ತು ನಿಮಿಷ ಎಷ್ಟು ದೂರ ಹೋಗುತ್ತೆ ನೋಡೋಣ."

ಹತ್ತು ನಿಮಿಷ ಬೇಕರಿಯ ಕಟ್ಟೆಯವರೆಗೆ ಹೋಯಿತು. ಅಲ್ಲಿ ಕೂತರು. ಮತ್ತೆ ಎದ್ದು ಬೀಗ ರಿಪೇರಿಯವನ ಬೆಂಚಿನವರೆಗೆ ನಡೆದು ಮತ್ತೆ ಕೂತರು. ಅತ್ತೆ ಅವಸರ ಮಾಡಲಿಲ್ಲ. ಅವಸರ ಮಾಡದಿರುವುದು ತನಗೆ ಎಷ್ಟು ಕಷ್ಟವಾಗುತ್ತಿದೆ ಎಂಬುದನ್ನೂ ಮುಚ್ಚಿಡಲಿಲ್ಲ, ಎರಡು ಸಲ ಉಸ್ಸೆಂದರು. ಸೊಸೆಗೆ ಯಾಕೋ ಆ ಉಸಿರು ಬೈಗುಳದ ಹಾಗೆ ಕೇಳಲಿಲ್ಲ.

ಅಂಚೆ ಕಚೇರಿಯ ಗುಮಾಸ್ತ ಲಕೋಟೆಯನ್ನು ತಿರುಗಿಸಿ, ಅದರ ಮೇಲೆ ಅಚ್ಚಾಗಿದ್ದುದನ್ನು ಓದಿದ. "ಮೂವತ್ತು ದಿನದೊಳಗೆ ಕಳಿಸಬೇಕು ಅಂತ ಇದೆಯಲ್ಲಮ್ಮ. ಯಾವಾಗ ಬಂದದ್ದು ಇದು?"

ಸೊಸೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕಿಟಕಿಯ ಕಂಬಿ ಹಿಡಿದು ಮುಂದೆ ಬಾಗಿದರು.

"ನಾಲ್ಕು ತಿಂಗಳಾಯ್ತು. ತಡ ಮಾಡಿದ್ದು ನಾನು. ಬೇಗ ಹೋಗೋ ಟಪಾಲಿಗೆ ಹಾಕಿ."

ಗುಮಾಸ್ತ ಇಬ್ಬರ ಮುಖವನ್ನೂ ಒಮ್ಮೆ ನೋಡಿ, ಮುದ್ರೆ ಒತ್ತಿ, ಹಿಂದಿನ ಚೀಲಕ್ಕೆ ಲಕೋಟೆಯನ್ನು ಎಸೆದ.