ಬ್ಲೇಡಿನ ಮೇಲಿನ ನಿಂಬೆಹಣ್ಣು

"ಮಾಸ್ಕ್ ಹಾಕಿದ್ರೇನೇ ಇಷ್ಟು ಕೋಪ ಕಾಣುತ್ತೆ. ತೆಗೆದ್ರೆ ನಾವು ಉಳೀತೀವಾ ಮೇಡಂ?" ಎಂದ ಮಿಥುನ, ತಲೆಗೆ ಹಾಕುವ ಟೋಪಿಯನ್ನು ಮಾಯಾಳ ಕೈಗಿಡುತ್ತ.

"ನಾ ಉಳಸ್ಲಾಕ ಬಂದಿಲ್ರಿ," ಎಂದಳು ಮಾಯಾ.

ಅವನು ನಕ್ಕ. ಅವಳು ತಮಾಷೆ ಮಾಡಿರಲಿಲ್ಲ.

ತಳೇಗಾಂವದ ಈ ಕಾರ್ಖಾನೆಯಲ್ಲಿ ಹೋಳು ಮಾಡಿದ ಪನೀರು ಪ್ಯಾಕಾಗಿ, ಬಿಚ್ಚಿ ಹಾಗೇ ತಿನ್ನಲೆಂದು ಪುಣೆಯ ಅಂಗಡಿಗಳಿಗೆ ಹೋಗುತ್ತಿತ್ತು. ಅದನ್ನು ತಿಂದ ಹಲವರು ಜ್ವರದಲ್ಲಿ ಮಲಗಿದ್ದರು. ಎಲ್ಲರ ರಕ್ತದಲ್ಲೂ ಒಂದೇ ಬ್ಯಾಕ್ಟೀರಿಯಾ, ಲಿಸ್ಟೀರಿಯಾ. ಅದು ಎಲ್ಲಿ ಅಡಗಿದೆ ಎಂದು ಹುಡುಕುವುದು ಲ್ಯಾಬಿನಿಂದ ಬಂದ ಮಾಯಾಳ ಕೆಲಸ.

ಲ್ಯಾಬಿನಲ್ಲಿ ಅವಳು ಹೇಳದ ಮಾತೊಂದಿತ್ತು. ಬಿಬವೇವಾಡಿಯ ಮನೆಯಲ್ಲಿ ಅಕ್ಕ ಸಪ್ನಾಳ ಕುಬಸದ ದಿನ, ಬಸುರಿಯ ಬಯಕೆಯೆಂದು ಗೆಳತಿಯರು ತಂದು ತಿನ್ನಿಸಿದ್ದು ಇದೇ ಪನೀರು. ಅಕ್ಕ ಬದುಕಿದಳು, ಕೂಸು ಉಳಿಯಲಿಲ್ಲ. ಇದಕ್ಕೆ ಕಾರಣನಾದವನನ್ನು ಬೀದಿಪಾಲು ಮಾಡುತ್ತೇನೆಂದು ಮಾಯಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಆಣೆ ಇಟ್ಟಿದ್ದಳು.

ಹಿಂದಿನ ಸಲ ತೆಗೆದ ಸ್ಯಾಂಪಲ್‌ಗಳೆಲ್ಲ ಕ್ಲೀನ್ ಬಂದಿದ್ದವು. ಆ ಸಲವೇ ಗೇಟಿನ ಹೊರಗಿನ ಚಹಾದಂಗಡಿಯಲ್ಲಿ, ಪ್ರೊಡಕ್ಷನ್ ಮ್ಯಾನೇಜರ್ ಮಿಥುನನ ಮುಖ ಮಾಸ್ಕಿಲ್ಲದೆ ಕಂಡಿತ್ತು. ಮಂಡ್ಯದ ಹುಡುಗ. ನಕ್ಕರೆ ಒಂದೇ ಕೆನ್ನೆಯಲ್ಲಿ ಗುಳಿ. ಇಂಥ ಜಾಗದಲ್ಲಿ ಇಂಥ ಮುಖ ಇರಬಾರದು ಎಂದು ಅವಳಿಗೆ ಸಿಟ್ಟು ಬಂದಿತ್ತು. ಮನೆಗೆ ಹೋದಮೇಲೂ ಆ ಗುಳಿ ನೆನಪಾಗಿ ಸಿಟ್ಟು ಇನ್ನಷ್ಟು ಏರಿತ್ತು.

ಇಂದು ಕೋಲ್ಡ್ ರೂಮಿನಲ್ಲಿ ಕೆಲಸದಾಕೆ ಚಂದಮ್ಮ ಪನೀರು ಕತ್ತರಿಸುವ ಮಷೀನು ತೊಳೆಯುತ್ತಿದ್ದಳು. ಬ್ಲೇಡು, ಬೆಲ್ಟು, ಬೋಲ್ಟು, ಒಂದನ್ನೂ ಬಿಡಲಿಲ್ಲ. ಮೇಲಿನ ಕಂಬಿಯ ಹತ್ತಿರ ಮಾತ್ರ ಅವಳ ಕೈ ಬಳಸಿಕೊಂಡು ಹೋಯಿತು. ಅಲ್ಲಿ ಕಪ್ಪು ದಾರದಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ. ದೃಷ್ಟಿಗೆ ಕಟ್ಟಿದ್ದನ್ನು ಯಾರು ಮುಟ್ಟುತ್ತಾರೆ? ಹಿಂದಿನ ಸಲ ಮಾಯಾಳೂ ಮುಟ್ಟಿರಲಿಲ್ಲ. ಈಗ ನೆನೆದ ಆ ದಾರದಿಂದ ಒಂದು ಹನಿ ಜಾರಿ ಬ್ಲೇಡಿನ ಮೇಲೆ ಬಿತ್ತು.

"ಇದನ್ನ ಯಾರ್ ಕಟ್ಟಿದ್ರಿ?"

ಚಂದಮ್ಮ ಮಿಥುನನ ಕಡೆ ನೋಡಿದಳು.

"ನಾನು," ಎಂದ ಮಿಥುನ. "ಇವರ ಬೆರಳಿಗೆ ಬ್ಲೇಡ್ ತಾಗಿತ್ತು. ಆಮೇಲೆ ಯಾರೂ ಮಷೀನ್ ಹತ್ರ ಬರ್ತಿರ್ಲಿಲ್ಲ. ಧೈರ್ಯ ಬರ್ಲಿ ಅಂತ ಕಟ್ದೆ."

ಮಾಯಾ ಹತ್ತಿಯ ಕಡ್ಡಿಯಿಂದ ದಾರವನ್ನು ಒರೆಸಿ ಟ್ಯೂಬಿಗೆ ಹಾಕಿದಳು. ಅವನ ಕಡೆ ನೋಡಲಿಲ್ಲ.

ದಾರದಲ್ಲಿ ಸಿಕ್ಕಿದ್ದು ಅದೇ ಲಿಸ್ಟೀರಿಯಾ. ರಿಪೋರ್ಟ್ ಬಂದ ದಿನ ಚಹಾದಂಗಡಿಯಲ್ಲಿ ಮಿಥುನ ಕಾಯುತ್ತಿದ್ದ.

"ಮಷೀನ್ ನಿಲ್ಲಿಸಿದೀನಿ. ಚಂದಮ್ಮನ ಹೆಸರು ಹೇಳು ಅಂತಿದಾರೆ ಮಾಲೀಕರು. ಹೇಳಲ್ಲ. ನನ್ ಹೆಸರೇ ಬರೀರಿ."

"ಬರದೀನ್ರಿ. ನೀವು ಹೇಳೂಕಿಂತ ಮೊದಲೇ ಬರದೀನಿ." ಅವಳ ಚಹಾ ಆರುತ್ತಿತ್ತು. "ಬರದಾಗ ಭಾಳ ಖುಷಿ ಆಗ್ಬೇಕಿತ್ತು. ಆಗ್ಲಿಲ್ಲ. ನಿಮ್ಮ ಮ್ಯಾಲ ಮನಸ್ಸಾಗ್ಯದ, ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ ಅದ."

ಗುಳಿ ಮೂಡಬೇಕೆನ್ನುವಷ್ಟರಲ್ಲಿ ಅವಳು ಅಕ್ಕನ ಕುಬಸದ ಕಥೆ ಹೇಳಿದಳು. ಅವನ ಮುಖ ಬಿಳಿಚಿಕೊಂಡಿತು. ಅದನ್ನು ಅವಳು ಕಣ್ಣು ತಪ್ಪಿಸದೆ ನೋಡಿದಳು, ನೋಡಬೇಕೆಂದೇ ಬಂದಿದ್ದಳು.

"ನಾನ್ ಏನ್ ಮಾಡ್ಲಿ, ಮಾಯಾ?"

"ಅಕ್ಕನ ಮುಂದ ನಿಂತು ನೀವೇ ಹೇಳ್ರಿ."

ಬಿಬವೇವಾಡಿಯ ಮನೆಯ ಹೊಸ್ತಿಲಾಚೆ ನಿಂತು ಅವನು ಎಲ್ಲವನ್ನೂ ಹೇಳಿದ. ಧೈರ್ಯಕ್ಕೆಂದು ಕಟ್ಟಿದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಸಪ್ನಾ ಪೂರ್ತಿ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡಳು.

ಮಾಯಾ ಒಳಗೆ ಹೋಗಿರಲಿಲ್ಲ.

"ನಾಳೇನೂ ಬರ್ರಿ," ಎಂದಳು. "ಆಕಿ ಬಾಗಲಾ ತೆಗಿಯೂತನಾ ಬರ್ರಿ. ಬೈತಾಳ, ಬೈಸ್ಕೋರಿ."

"ನೀವು?"

"ನಾನೂ ಬೈತೀನಿ. ಆದ್ರ ನಿಮ್ಮ ಬಾಜೂಕೇ ನಿಂತು ಬೈತೀನಿ."